ಕೆಂಪು ಅದಿರಿನ ಮೈಗುಣ

ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗ ತಾಲ್ಲೂಕುಗಳ ಗುಡ್ಡಗಳಲ್ಲಿ ಕಬ್ಬಿಣದ ಅದಿರು ದೊರೆಯುತ್ತದೆಂಬುದು ವಾಚಕರಿಗೆ ತಿಳಿದ ವಿಷಯವೇ. ಅದರಲ್ಲಿನ ಮುಖ್ಯ ಖನಿಜವಾದ ಹೆಮಟೈಟು ಕಬ್ಬಿಣ ಮತ್ತು ಆಮ್ಲಜನಕಗಳು ಕೂಡಿ ಆದ ಆಕ್ಸೈಡು. ಇದರ ಹರಳು ಉಕ್ಕಿನಂತೆ ಬೂದುಬಣ್ಣದಿಂದ ಹೊಳೆಯುತ್ತದೆ. ಅರೆದರೆ ಪುಡಿ ಕೆಂಪಾಗುತ್ತದೆ. ವಸ್ತು ಒಂದೇ ಆಗಿರಲು ಈ ವ್ಯತ್ಯಾಸವೇಕೆ?

ಹರಳಿನೊಳಗಿನ ಎಲೆಕ್ಟ್ರಾನುಗಳು ಮೇಲಿನ ಶಕ್ತಿಮಟ್ಟಕ್ಕೆ ಏರಲು ಸುಮಾರು 2 ಎಲೆಕ್ಟ್ರಾನ್ ವೋಲ್ಟು ಶಕ್ತಿ ಬೇಕು. ನೀಲಿ, ಹಸಿರು ಬೆಳಕಿಗೆ ಅಷ್ಟು ಶಕ್ತಿಯುಂಟು, ಕೆಂಪಿಗಿಲ್ಲ. ಆದುದರಿಂದ ಮೊದಲಿನವೆರಡನ್ನು ಹರಳು ಹೀರಿಕೊಳ್ಳುತ್ತದೆ. ಸಣ್ಣ ಕಣಗಳನ್ನು ಹಾದು ಚದರಿ ಬರುವ ಬೆಳಕು ಕೆಂಪಾಗಿರುತ್ತದೆ. ದಪ್ಪ ಹರಳನ್ನು ಹೊಕ್ಕ ಬೆಳಕಾದರೋ ಹಿಂದಿರುಗದು. ಮೈಯ ಹೊಳಪಷ್ಟೇ ನಮಗೆ ಕಾಣುತ್ತದೆ.

ಈಗ ಆ ಮೈಯನ್ನೇ ನೋಡೋಣ. ಹರಳಿನೊಳಗೆ ಪ್ರತಿಯೊಂದು ಕಬ್ಬಿಣದ ಪರಮಾಣುವಿನ ಸುತ್ತಲೂ ಆರು ಆಮ್ಲಜನಕ ಪರಮಾಣುಗಳಿವೆ. ಹರಳು ಒಡೆದಾಗ ಹೊರಮೈಯ ಪರಮಾಣುಗಳು ಕೆಲವು ನೆರೆಯವರನ್ನು ಕಳೆದುಕೊಳ್ಳುತ್ತವೆ. ಇಂತಹ ಮೈ ಸ್ಥಿರವಾಗಿರದು. ಗಾಳಿಯ ತೇವವನ್ನು ಸೆಳೆದು, ನೀರಿನ ಅಣುವನ್ನು ಸೀಳಿ, ಹೈಡ್ರಾಕ್ಸಿಲ್ ಗುಂಪುಗಳನ್ನು ಹೊದ್ದುಕೊಂಡು ಸ್ಥಿರತೆ ಪಡೆಯುತ್ತದೆ. ನೀರಿನಲ್ಲಿ ಫ್ಲೋರೈಡು ಇದ್ದರೆ ಅದು ಈ ಗುಂಪುಗಳ ಸ್ಥಾನದಲ್ಲಿ ಕುಳಿತುಕೊಳ್ಳಬಲ್ಲದು.

ಇದರಿಂದ ನಮಗೇನು? ಹಿರಿಯೂರು, ಹೊಸದುರ್ಗ ಮೊದಲಾದ ಕಡೆಗಳ ಕೆಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡು ಹೆಚ್ಚಾಗಿದೆ. ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಮು ಮಿತಿ. ಬೇರೆ ನೀರಿಲ್ಲದಿದ್ದರೆ 1.5. ಇದನ್ನು ಮೀರಿದ ನೀರನ್ನು ಬಹುಕಾಲ ಕುಡಿದರೆ ಮಕ್ಕಳ ಹಲ್ಲುಗಳಲ್ಲಿ ಕಲೆ ಬೀಳುತ್ತದೆ. ಪ್ರಮಾಣ ಇನ್ನೂ ಹೆಚ್ಚಾದರೆ ಮೂಳೆಗಳೂ ಕೆಡುತ್ತವೆ. ಕುದಿಸಿದರೆ ಫ್ಲೋರೈಡು ಹೋಗದು.

ಹಾಗಾದರೆ ಅದಿರಿನ ಕಲ್ಲನ್ನು ಕೊಡದಲ್ಲಿ ಹಾಕಿದರೆ ಸಾಕೇ? ಸಾಲದು. ಒಂದು ಸೆಂಟಿಮೀಟರು ಘನದ ಮೈ 6 ಚದರ ಸೆಂಟಿಮೀಟರು ಮಾತ್ರ. ಅದನ್ನೇ ಸೆಂಟಿಮೀಟರಿನ ಹತ್ತುಸಾವಿರದಲ್ಲೊಂದು ಭಾಗದಷ್ಟು ಸಣ್ಣ ಘನಗಳಾಗಿ ಕತ್ತರಿಸಿದರೆ ಒಟ್ಟು ಮೈ 6 ಚದರ ಮೀಟರು! ಶೋಧಕಗಳಲ್ಲಿ ಸೂಕ್ಷ್ಮರಂಧ್ರಗಳುಳ್ಳ ಅಲ್ಯುಮಿನವನ್ನು ಬಳಸುವುದು ಇದಕ್ಕಾಗಿಯೇ. ಅಲ್ಯುಮಿನಿಯಮ್ಮಿನ ಆ ಆಕ್ಸೈಡಿನ ಮೈಯೂ ಹೀಗೆಯೇ ವರ್ತಿಸುತ್ತದೆ. ಆದರೆ ಸ್ಥಾನಗಳೆಲ್ಲ ತುಂಬಿದ ಮೇಲೆ ಆ ಶೋಧಕ ಫ್ಲೋರೈಡನ್ನು ಹಿಡಿಯಲಾರದು; ನೀರು ಮಾತ್ರ ಮೊದಲಿನಂತೆ ತಿಳಿಯಾಗಿಯೇ ಹರಿಯುತ್ತಿರುತ್ತದೆ. ಆದ್ದರಿಂದ ಊರಿನಲ್ಲಿ ಶೋಧಕವಿದ್ದರೆ ಸಾಲದು; ಅದನ್ನು ಕಡೆಯ ಸಲ ಯಾವಾಗ ಶುದ್ಧಿಗೊಳಿಸಿದರೆಂದು ನಾವು ಕೇಳಬೇಕು.