ಯುವಕರ ಕೈಗೆ ಹೊಣೆ

ಬಸರೀಕಟ್ಟೆಯ ಕಡೆ ಮಳೆಗಾಲದಲ್ಲಿ ಇಶಾ ನಮಾಝ್ ಮುಗಿದ ಕೂಡಲೇ ಯಾರೂ ಮನೆಗೆ ಹೊರಡುವುದಿಲ್ಲ. ಮಳೆ ಸ್ವಲ್ಪ ಬಿಡಲಿ ಎಂದು ಮಸೀದಿಯ ಜಗಲಿಯಲ್ಲಿ ಕುಳಿತುಕೊಳ್ಳುತ್ತಾರೆ. ಅಡಿಕೆಯ ಹಳದಿ ಎಲೆ ರೋಗದ ಮಾತು, ಕಾಫಿ ಧಾರಣೆಯ ಮಾತು ಮುಗಿದ ಮೇಲೆ ಬರುವ ವಿಷಯ ಒಂದೇ: "ಈಗಿನ ಹುಡುಗರಿಗೆ ದೀನಿನ ಕೆಲಸದಲ್ಲಿ ಆಸಕ್ತಿ ಇಲ್ಲ." ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲೂಕುಗಳ ಯಾವ ಮೊಹಲ್ಲಾಕ್ಕೆ ಹೋದರೂ ಇದೇ ದೂರು ಕೇಳಿಬರುತ್ತದೆ. ಅನೇಕ ವರ್ಷ ಈ ಮಾತನ್ನು ನಾನೂ ಹೇಳಿದವನೇ.

ಈ ಭಾಗದ ಒಂದು ಸಣ್ಣ ಜಮಾಅತ್‌ನಲ್ಲಿ ನಾನು ಮೂರು ವರ್ಷ ಪ್ರತಿ ಭಾನುವಾರ ಯುವಕರಿಗೆ ತರಗತಿ ನಡೆಸಿದ್ದೆ. ಅದರ ಹೆಸರು ಇಲ್ಲಿ ಬೇಡ. ಇಸ್ಲಾಮಿನಲ್ಲಿ ನಾಯಕತ್ವ ಎಂಬುದೇ ವಿಷಯ. ನಾಯಕನಿಗಿರಬೇಕಾದ ಗುಣಗಳನ್ನು ಒಂದೊಂದಾಗಿ ಹೇಳುತ್ತಿದ್ದೆ, ಹುಡುಗರು ಬರೆದುಕೊಳ್ಳುತ್ತಿದ್ದರು. ಅವರಲ್ಲಿ ತೋಟದ ರೈಟರ್ ಒಬ್ಬರ ಮಗನಿದ್ದ. ಹತ್ತೊಂಬತ್ತು ವರ್ಷ, ಬಿ.ಕಾಂ. ಓದುತ್ತಿದ್ದ. ಆ ವರ್ಷದ ಮಹಾಸಭೆಯಲ್ಲಿ ಅವನು ಎದ್ದು ನಿಂತು, ಮದ್ರಸಾ ಕಟ್ಟಡದ ಲೆಕ್ಕವನ್ನು ತಾನು ಬರೆದುಕೊಡಬಹುದೇ ಎಂದು ಕೇಳಿದ. ಗಮನಿಸಿರಿ, ಅವನು ಲೆಕ್ಕ ಕೇಳಿದ್ದಲ್ಲ, ಬರೆದುಕೊಡುತ್ತೇನೆ ಎಂದದ್ದು. ಖಜಾಂಚಿಯವರು, "ಮೋನೇ, ನೀನು ಕುರ್ಚಿ ಜೋಡಿಸು. ಲೆಕ್ಕ ನೋಡಲು ಹಿರಿಯರಿದ್ದಾರೆ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮುಂದಿನ ಭಾನುವಾರ ಅವನು ತರಗತಿಗೆ ಬರಲಿಲ್ಲ. ಈಗ ಬೆಂಗಳೂರಿನ ಒಂದು ಕಂಪೆನಿಯಲ್ಲಿ ಲೆಕ್ಕ ನೋಡುತ್ತಾನೆ. ಊರಿಗೆ ಬಂದರೆ ಜುಮಾಕ್ಕೂ ಕಾಣಿಸಿಕೊಳ್ಳುವುದು ಅಪರೂಪ. ನಾಳೆ ಪರಲೋಕದಲ್ಲಿ ಈ ಹುಡುಗನ ಬಗ್ಗೆ ಪ್ರಶ್ನೆ ಬಂದರೆ ನನ್ನ ಮೂರು ವರ್ಷಗಳ ಉಪನ್ಯಾಸ ನನ್ನ ಪರವಾಗಿ ಸಾಕ್ಷಿ ಹೇಳೀತೇ ಅಥವಾ ಆ ಒಂದು ನಗು ನನ್ನ ವಿರುದ್ಧ ಸಾಕ್ಷಿ ಹೇಳೀತೇ ಎಂಬ ಭಯ ನನ್ನನ್ನು ಬಿಟ್ಟಿಲ್ಲ.

ಆ ಬಳಿಕ ಒಂದು ದಿನ ಅನ್ನಿಸಾ ಅಧ್ಯಾಯ ಓದುತ್ತಿರುವಾಗ ಆರನೇ ಸೂಕ್ತದ ಬಳಿ ನಿಂತೆ. ಅನಾಥರ ಸೊತ್ತಿನ ವಿಷಯವಾಗಿ ಇಳಿದ ಸೂಕ್ತವದು. ವಿವಾಹದ ವಯಸ್ಸು ತಲಪುವ ತನಕ ಅವರನ್ನು ಪರೀಕ್ಷಿಸುತ್ತಿರಬೇಕು, ವಿವೇಕ ಕಂಡುಬಂದರೆ ಅವರ ಸೊತ್ತನ್ನು ಅವರಿಗೆ ಒಪ್ಪಿಸಬೇಕು, ಅವರು ದೊಡ್ಡವರಾಗಿಬಿಡುತ್ತಾರೆಂದು ಅವಸರದಿಂದ ಅದನ್ನು ತಿಂದು ಮುಗಿಸಬಾರದು ಎಂದು ಅಲ್ಲಾಹನು ಅದರಲ್ಲಿ ಆದೇಶಿಸಿದ್ದಾನೆ. ಪರೀಕ್ಷೆ ಎಂದರೆ ಇಲ್ಲಿ ಪ್ರಶ್ನೆ ಕೇಳುವುದೇ? ಅಲ್ಲ. ಶಾಫಿಈ ಮದ್ಹಬಿನ ಪ್ರಸಿದ್ಧ ಗ್ರಂಥವಾದ 'ಮಿನ್‌ಹಾಜ್'ನಲ್ಲಿ ಇಮಾಮ್ ನವವಿ(ರ) ಇದನ್ನು ಎಷ್ಟು ಸೊಗಸಾಗಿ ಬಿಡಿಸಿದ್ದಾರೆಂದರೆ, ಅವರು ನಮ್ಮ ಮಲೆನಾಡನ್ನು ನೋಡಿಯೇ ಬರೆದರೋ ಎನಿಸುತ್ತದೆ. ವ್ಯಾಪಾರಿಯ ಮಗನನ್ನು ಕೊಡುಕೊಳ್ಳುವಿಕೆಯಲ್ಲಿ, ಚೌಕಾಸಿಯಲ್ಲಿ ಪರೀಕ್ಷಿಸಬೇಕು. ರೈತನ ಮಗನನ್ನು ಬೇಸಾಯದಲ್ಲಿ ಮತ್ತು ಕೆಲಸದಾಳುಗಳಿಗೆ ಮಾಡುವ ಖರ್ಚಿನಲ್ಲಿ ಪರೀಕ್ಷಿಸಬೇಕು. ಕಸುಬುದಾರನ ಮಗನಿಗೆ ಅವನ ಕಸುಬೇ ಪರೀಕ್ಷೆ. ಹೆಣ್ಣು ಮಗಳಿಗೂ ಅಂದಿನ ಅವಳ ಕೆಲಸವಾದ ನೂಲುವಿಕೆ ಮುಂತಾದವುಗಳಲ್ಲಿ ಪರೀಕ್ಷೆಯುಂಟು. ಒಮ್ಮೆ ನೋಡಿದರೆ ಸಾಲದು, ಎರಡು ಬಾರಿಯೋ ಹೆಚ್ಚೋ ನೋಡಬೇಕು.

ಇದರಲ್ಲೊಂದು ಸೂಕ್ಷ್ಮವಿದೆ. ಪ್ರಾಯಕ್ಕೆ ಬರುವ ಮೊದಲೇ ಈ ಪರೀಕ್ಷೆ ನಡೆಯಬೇಕೆಂಬುದು ಮದ್ಹಬಿನ ಪ್ರಬಲ ಅಭಿಪ್ರಾಯ. ಆದರೆ ಪ್ರಾಯಕ್ಕೆ ಬಾರದವನ ಕರಾರು ಊರ್ಜಿತವಲ್ಲ. ಹಾಗಾದರೆ ಏನು ಮಾಡಬೇಕು? ಚೌಕಾಸಿಯೆಲ್ಲ ಹುಡುಗನೇ ಮಾಡಲಿ, ಕೊನೆಗೆ ಕರಾರಿನ ಮಾತು ಬಂದಾಗ ರಕ್ಷಕನು ಅದನ್ನು ಮಾಡಲಿ ಎಂದಿದ್ದಾರೆ. ಆ ದೃಶ್ಯವನ್ನು ಕಣ್ಣ ಮುಂದೆ ತಂದುಕೊಳ್ಳಿರಿ. ಸಂತೆಯಲ್ಲಿ ಹುಡುಗ ಬೆಲೆ ಕೇಳುತ್ತಿದ್ದಾನೆ, ಹಿರಿಯನು ಪಕ್ಕದಲ್ಲಿ ಸುಮ್ಮನೆ ನಿಂತಿದ್ದಾನೆ. ಸುಮ್ಮನೆ ನಿಲ್ಲುವುದೇ ಹಿರಿಯನ ಕಷ್ಟದ ಕೆಲಸ. ನಮಗೆ ಬಾರದಿರುವುದೂ ಅದುವೇ. ಅನಾಥನ ಸೊತ್ತಿನಲ್ಲೇ ಇಷ್ಟು ಎಚ್ಚರವಿರುವಾಗ, ಸಮುದಾಯದ ನಾಳೆಗಳನ್ನು ವಹಿಸಿಕೊಳ್ಳಬೇಕಾದ ಮಕ್ಕಳ ಹಕ್ಕನ್ನು ಅವರ ತಲೆ ನರೆಯುವ ತನಕ ಹಿಡಿದಿಟ್ಟುಕೊಳ್ಳಲು ನಮಗೆ ಅನುಮತಿ ಕೊಟ್ಟವರಾರು?

ಪ್ರವಾದಿವರ್ಯರ(ಸ) ಜೀವನದ ಕೊನೆಯ ದಿನಗಳನ್ನು ನೋಡಿರಿ. ಹಿಜರಿ 11ರಲ್ಲಿ ಸಿರಿಯಾದ ಗಡಿಗೆ ಕಳುಹಿಸಲಿದ್ದ ಸೈನ್ಯಕ್ಕೆ ಅವರು ಉಸಾಮ ಬಿನ್ ಝೈದ್‌ರನ್ನು(ರ) ನಾಯಕರನ್ನಾಗಿ ಮಾಡಿದರು. ಉಸಾಮರಿಗೆ ಆಗ ಇಪ್ಪತ್ತರ ಆಸುಪಾಸಿನ ಪ್ರಾಯ. ತಂದೆ ಝೈದ್(ರ) ಒಂದು ಕಾಲದಲ್ಲಿ ಗುಲಾಮರಾಗಿದ್ದವರು, ತಾಯಿ ಉಮ್ಮು ಐಮನ್(ರ) ಅಬಿಸೀನಿಯಾ ಮೂಲದವರು. ಹಿರಿಯ ಸಹಾಬಿಗಳಿರುವಾಗ ಈ ಯುವಕನೇ ಎಂಬ ಗುಸುಗುಸು ಎದ್ದಿತು. ಕಾಯಿಲೆಯಲ್ಲಿದ್ದ ಪ್ರವಾದಿವರ್ಯರು(ಸ) ತಲೆಗೆ ಬಟ್ಟೆ ಕಟ್ಟಿಕೊಂಡು ಹೊರಬಂದು, ಇವನ ತಂದೆಯ ನಾಯಕತ್ವದ ಬಗ್ಗೆಯೂ ನೀವು ಹೀಗೆಯೇ ಆಕ್ಷೇಪಿಸಿದ್ದಿರಿ, ಅವರು ಅದಕ್ಕೆ ಅರ್ಹರಾಗಿದ್ದರು, ಇವನೂ ಅರ್ಹನೇ ಎಂಬರ್ಥದ ಮಾತನ್ನು ಹೇಳಿದರು. ಸೈನ್ಯ ಹೊರಡುವ ಮೊದಲೇ ಅವರ ವಿಯೋಗವಾಯಿತು. ಖಲೀಫರಾದ ಅಬೂಬಕರ್(ರ) ಸೈನ್ಯವನ್ನು ಬೀಳ್ಕೊಡಲು ಬಂದಾಗ ಉಸಾಮ(ರ) ಸವಾರಿಯ ಮೇಲಿದ್ದರು, ಖಲೀಫರು ಪಕ್ಕದಲ್ಲಿ ನಡೆಯುತ್ತಿದ್ದರು. ತಾವು ಹತ್ತಬೇಕು, ಇಲ್ಲವೇ ನಾನು ಇಳಿಯುತ್ತೇನೆ ಎಂದರೂ ಅವರು ಒಪ್ಪಲಿಲ್ಲ. ಉಮರ್(ರ) ಆ ಸೈನ್ಯದಲ್ಲಿ ಒಬ್ಬ ಸಾಮಾನ್ಯ ಯೋಧರಾಗಿದ್ದರು. ಮದೀನಾದಲ್ಲಿ ಅವರ ಅಗತ್ಯವಿತ್ತು. ಖಲೀಫರು ಆಜ್ಞೆ ಮಾಡಲಿಲ್ಲ, ಉಮರರನ್ನು ನನಗಾಗಿ ಬಿಟ್ಟುಕೊಡಬಹುದೇ ಎಂದು ಆ ಯುವಕನ ಬಳಿ ಅನುಮತಿ ಕೇಳಿದರು! ಅರುವತ್ತು ದಾಟಿದ ಖಲೀಫರು ಇಪ್ಪತ್ತರ ಯುವಕನಲ್ಲಿ ಅನುಮತಿ ಕೇಳುವುದನ್ನು ಇಡೀ ಸೈನ್ಯ ನೋಡಿತು. ನಾಯಕತ್ವದ ಬಗ್ಗೆ ಅಂದು ನಡೆದ ತರಗತಿ ಅಷ್ಟೇ.

ಉಸಾಮರ ತಾಯಿಯ ನಾಡಾದ ಅಬಿಸೀನಿಯಾ ಆಫ್ರಿಕಾದಲ್ಲಿದೆ. ಇಸ್ಲಾಮಿನ ಒಬ್ಬ ಯುವ ನಾಯಕ ಪ್ರವಾದಿವರ್ಯರ(ಸ) ಕಣ್ಣಳತೆಯಿಂದ ದೂರ ನಿಂತು ಹೊಣೆ ನಿಭಾಯಿಸಿದ್ದೂ ಅದೇ ನೆಲದಲ್ಲಿ. ಕ್ರಿ.ಶ. 615ರಲ್ಲಿ ಆರಂಭವಾದ ಆ ಹಿಜ್‌ರತ್‌ನಲ್ಲಿ ಹೋದವರ ಪರವಾಗಿ ನಜ್ಜಾಶಿ ದೊರೆಯ ಆಸ್ಥಾನದಲ್ಲಿ ಮಾತನಾಡಿದವರು ಜಅ್‌ಫರ್ ಬಿನ್ ಅಬೀತಾಲಿಬ್(ರ). ಅವರಿಗೆ ಆಗ ಸುಮಾರು ಇಪ್ಪತ್ತೈದು ವರ್ಷ. ಖುರೈಶರ ರಾಯಭಾರಿಗಳು ಕಾಣಿಕೆ ಹಿಡಿದು ಬಂದಿದ್ದರು. ಮಾತು ತಪ್ಪಿದರೆ ಎಲ್ಲರನ್ನೂ ಕಟ್ಟಿ ಮಕ್ಕಾಕ್ಕೆ ಒಪ್ಪಿಸುವ ಸಂದರ್ಭ. ಮಾರನೆಯ ದಿನ ಈಸಾರ(ಅ) ಕುರಿತ ಪ್ರಶ್ನೆ ಬರಲಿದೆಯೆಂದು ತಿಳಿದಾಗ ಮಕ್ಕಾಕ್ಕೆ ಆಳು ಕಳುಹಿಸಿ ಕೇಳಿ ಬರುವಷ್ಟು ಸಮಯವಿರಲಿಲ್ಲ. ತಮ್ಮೊಳಗೇ ಸಮಾಲೋಚಿಸಿ, ಏನೇ ಆಗಲಿ ಪ್ರವಾದಿ(ಸ) ಕಲಿಸಿದ್ದನ್ನೇ ಹೇಳುವುದೆಂದು ತೀರ್ಮಾನಿಸಿದರು. ಜಅ್‌ಫರ್(ರ) ಅಲ್ಲಿಂದ ಮರಳಿದ್ದು ಹಿಜರಿ 7ರಲ್ಲಿ, ಸುಮಾರು ಹದಿಮೂರು ವರ್ಷಗಳ ಬಳಿಕ. ಅಷ್ಟು ದೀರ್ಘ ಕಾಲ ದೂರದ ನಾಡಿನಲ್ಲಿ ಒಂದು ಸಣ್ಣ ಸಮುದಾಯದ ಹೊಣೆ ಹೆಚ್ಚಾಗಿ ಯುವಕರ ಕೈಯಲ್ಲಿತ್ತು.

ಆಫ್ರಿಕಾ ನಮಗೆ ದೂರದ ನಾಡೆಂದು ಭಾವಿಸಬೇಡಿರಿ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಸಿದ್ದಿ ಸಹೋದರರ ಪೂರ್ವಜರು ಅಲ್ಲಿಂದಲೇ ಬಂದವರು. ವಿಜಾಪುರದ ಸೇವೆಯಲ್ಲಿಯೂ ಕೆಲಕಾಲ ಇದ್ದು, ಮುಂದೆ ಅಹ್ಮದ್‌ನಗರವನ್ನು ಜಹಾಂಗೀರನ ಸೈನ್ಯದಿಂದ ಕಾಪಾಡಿದ ಮಲಿಕ್ ಅಂಬರ್ (1548-1626) ಇಥಿಯೋಪಿಯಾದಿಂದ ಗುಲಾಮನಾಗಿ ಮಾರಲ್ಪಟ್ಟ ಹುಡುಗ. ಮನುಷ್ಯನನ್ನು ಮಾರುವುದರಲ್ಲಿ ಹೊಗಳುವಂಥದ್ದೇನೂ ಇಲ್ಲ. ಆದರೆ ಬಗ್ದಾದಿನಲ್ಲಿ ಅವನ ಬುದ್ಧಿಯನ್ನು ಗುರುತಿಸಿ ವಿದ್ಯೆ ಕೊಡಿಸಿದ ಮೀರ್ ಖಾಸಿಮ್ ಎಂಬ ವ್ಯಾಪಾರಿಯ ಹೆಸರು ಇಂದು ಉಳಿದಿರುವುದು ಆ ಹುಡುಗನಿಂದಾಗಿಯೇ.

ಹೆಣ್ಣು ಮಕ್ಕಳ ವಿಷಯದಲ್ಲಿ ನಾವು ಇನ್ನೂ ಹಿಂದೆ. ಈ ವಿಷಯಕ್ಕೆ ಇಂದಿನ ನೈಜೀರಿಯಾದ ಉತ್ತರದಲ್ಲಿದ್ದ ಸೊಕೊಟೊದ ಚರಿತ್ರೆ ಓದತಕ್ಕದ್ದು. ಅಲ್ಲಿನ ಸುಧಾರಕ ಶೇಖ್ ಉಸ್ಮಾನ್ ದಾನ್ ಫೋದಿಯೊ (ನಿಧನ 1817), ಶಿಷ್ಯರಿಗೆ ಪಾಠ ಹೇಳುತ್ತಾ ತಮ್ಮ ಹೆಂಡತಿ ಮಕ್ಕಳನ್ನು ಅಜ್ಞಾನದಲ್ಲಿ ಬಿಟ್ಟ ವಿದ್ವಾಂಸರನ್ನು ಕಟುವಾಗಿ ಟೀಕಿಸಿದವರು. ಅವರ ಮಗಳು ನಾನಾ ಅಸ್ಮಾಉ (1793-1864) ಹಳ್ಳಿಗಳ ಮಹಿಳೆಯರಿಗಾಗಿ ಒಂದು ವ್ಯವಸ್ಥೆ ಕಟ್ಟಿದರು. ಪ್ರತಿ ಊರಿನಿಂದ ನಂಬಿಗಸ್ತ ಮಹಿಳೆಯೊಬ್ಬಳನ್ನು 'ಜಾಜಿ' ಎಂಬ ಹೆಸರಿನಿಂದ ನಾಯಕಿಯನ್ನಾಗಿ ಮಾಡಿದರು. ಅವಳು ತನ್ನೂರಿನ ಹೆಂಗಸರನ್ನು, ಎಳೆಯ ಹುಡುಗಿಯರನ್ನು ಕರೆದುಕೊಂಡು ಅಸ್ಮಾಉರ ಬಳಿ ಬರುವಳು. ಧರ್ಮದ ಪಾಠಗಳನ್ನು ಅವರದೇ ಭಾಷೆಯಲ್ಲಿ ಪದ್ಯವಾಗಿಸಿ ಬಾಯಿಪಾಠ ಮಾಡಿಸಿ ಕಳುಹಿಸಲಾಗುತ್ತಿತ್ತು. ಮರಳಿದ ಜಾಜಿ ಊರಿನಲ್ಲಿ ತಾನೇ ಗುರು. ಅವಳ ತಲೆಗೆ ಹುಲ್ಲಿನಿಂದ ಹೆಣೆದ, ಕೆಂಪು ಬಟ್ಟೆ ಸುತ್ತಿದ ಒಂದು ದೊಡ್ಡ ಟೋಪಿ. ಇವಳಿಗೆ ಅಧಿಕಾರ ಕೊಡಲಾಗಿದೆಯೆಂದು ದೂರದಿಂದಲೇ ತಿಳಿಯಲಿ ಎಂದು. ನಮ್ಮಲ್ಲಿ ಹುಡುಗಿಯರು ಮದ್ರಸಾ ಪರೀಕ್ಷೆಯಲ್ಲಿ ಬಹುಮಾನ ಪಡೆಯುತ್ತಾರೆ, ನಾವು ಚಪ್ಪಾಳೆ ತಟ್ಟುತ್ತೇವೆ, ಬಳಿಕ ಅವರಿಗೆ ಕೊಡುವ ಹೊಣೆ ಏನು? ನೆರೆಮನೆಯ ನಾಲ್ಕು ಮಕ್ಕಳಿಗೆ ಅಲಿಫ್ ಬಾ ಕಲಿಸುವ ಕೆಲಸವನ್ನಾದರೂ ವಿಧಿವತ್ತಾಗಿ ಒಪ್ಪಿಸಿದ್ದುಂಟೇ?

ಹಿರಿಯರ ಅಂಜಿಕೆಯೂ ಸುಳ್ಳಲ್ಲ. ಜಮಾಅತ್‌ನ ಹಣ ಅಮಾನತ್, ಅದರಲ್ಲಿ ಪ್ರಯೋಗ ಮಾಡಲಾಗದು ಎನ್ನುತ್ತಾರೆ. ಒಪ್ಪುವ ಮಾತು. ಅದಕ್ಕೇ ಇಮಾಮರು ಚೌಕಾಸಿಯನ್ನು ಹುಡುಗನಿಗೆ, ಕರಾರನ್ನು ರಕ್ಷಕನಿಗೆ ಕೊಟ್ಟದ್ದು. ಕಟ್ಟಡದ ಲಕ್ಷಗಳನ್ನು ಮೊದಲ ದಿನವೇ ಒಪ್ಪಿಸಬೇಕಾಗಿಲ್ಲ. ಮಂಗಳೂರಿನ ಆಸ್ಪತ್ರೆಗೆ ಹೋಗುವ ಬಡ ರೋಗಿಯ ಜೊತೆ ಒಬ್ಬ ಯುವಕನನ್ನು ಕಳುಹಿಸಿ, ಔಷಧಿಯ ಹಣ ಅವನ ಕೈಯಲ್ಲಿರಲಿ. ಮಳೆಗೆ ಮನೆ ಕಳಕೊಂಡವರಿಗೆ, ಅವರು ಯಾವ ಧರ್ಮದವರೇ ಆಗಿರಲಿ, ಅಕ್ಕಿ ತಲಪಿಸುವ ಕೆಲಸವನ್ನು ಪಟ್ಟಿ ಮಾಡುವುದರಿಂದ ಹಿಡಿದು ಅವರಿಗೇ ಬಿಡಿರಿ. ತಪ್ಪಾದರೆ ಎಲ್ಲರೆದುರು ಬೈಯಬೇಡಿರಿ, ಪುಸ್ತಕವನ್ನು ಕಿತ್ತುಕೊಳ್ಳಬೇಡಿರಿ. ಎರಡನೆಯ ಬಾರಿ ನೋಡಬೇಕೆಂಬುದೂ ಪರೀಕ್ಷೆಯ ನಿಯಮವೇ.

ಕಳೆದ ರಮಝಾನಿನಲ್ಲಿ ಅದೇ ಜಮಾಅತ್‌ನಲ್ಲಿ ಇಫ್ತಾರಿನ ಗಂಜಿಯ ಖರ್ಚನ್ನು ಇಬ್ಬರು ಹುಡುಗರಿಗೆ ಒಪ್ಪಿಸಲಾಯಿತು. ಮೂರನೆಯ ವಾರದಲ್ಲಿ ಲೆಕ್ಕಕ್ಕೆ 640 ರೂಪಾಯಿ ಕಡಿಮೆ ಬಂತು. ನಾನು ಹೇಳಿರಲಿಲ್ಲವೇ ಎಂದು ಕೆಲವರು ಮಾತು ಎತ್ತಿದರು. ಅಂದು ತರಾವೀಹ್ ಬಳಿಕ ಹುಡುಗರ ಬಳಿ ಹೋಗಿ ಕುಳಿತವರು ಹಳೆಯ ಖಜಾಂಚಿಯವರೇ, ಕುರ್ಚಿ ಜೋಡಿಸಲು ಹೇಳಿದವರು. ಒಂದೊಂದೇ ಚೀಟಿಯನ್ನು ಹುಡುಗರಿಂದಲೇ ಓದಿಸಿದರು. ತೆಂಗಿನಕಾಯಿಯ ಒಂದು ಚೀಟಿಗೆ ಎರಡು ಸಲ ಹಣ ಕೊಟ್ಟುಬಿಟ್ಟಿದ್ದರು. ತಾನು ಹೋಗಿ ಕೇಳುತ್ತೇನೆ ಎಂದು ಅವರು ಹೇಳಲಿಲ್ಲ. ಬೆಳಗ್ಗೆ ಹುಡುಗರೇ ಅಂಗಡಿಗೆ ಹೋದರು. ಅಂಗಡಿಯ ಭಟ್ಟರು ತಮ್ಮ ಪುಸ್ತಕ ತೆಗೆದು ನೋಡಿ ಹಣ ಮರಳಿಸಿದರು.

ಆ ಪುಸ್ತಕ ಈಗಲೂ ಹುಡುಗರ ಬಳಿಯಲ್ಲೇ ಇದೆ. ಬೆಂಗಳೂರಿನಲ್ಲಿರುವ ರೈಟರ್ ಮಗನಿಗೆ ಇದನ್ನು ತಿಳಿಸಬೇಕೆಂದು ಎರಡು ಸಲ ಫೋನ್ ಕೈಗೆತ್ತಿಕೊಂಡು ಕೆಳಗಿಟ್ಟಿದ್ದೇನೆ. ಈದ್‌ಗೆ ಅವನು ಊರಿಗೆ ಬರುತ್ತಾನೆಂದು ಅವನ ತಂದೆ ಹೇಳಿದ್ದಾರೆ. ಅವನ ಮನೆಗೇ ಹೋಗಿ, ಆ ದಿನ ನಕ್ಕದ್ದಕ್ಕೆ ಮೊದಲು ಕ್ಷಮೆ ಕೇಳಬೇಕೆಂದಿದ್ದೇನೆ.