ಖಾಲಿ ಔಷಧ ಡಬ್ಬಿಗಳನ್ನು ಸಂಗ್ರಹ ಸ್ಥಳಕ್ಕೆ ಸಾಗಿಸುವ ಕ್ರಮ



ಕಬ್ಬಿಗೆ ಹೊಡೆಯುವ ಕೀಟನಾಶಕ, ಶಿಲೀಂಧ್ರನಾಶಕ ಹಾಗೂ ಕಳೆನಾಶಕಗಳನ್ನು ನಾವು ರೂಢಿಯಲ್ಲಿ ‘ಔಷಧ’ ಎನ್ನುತ್ತೇವೆ. ಹೆಸರು ಔಷಧವಾದರೂ ವಸ್ತು ವಿಷವೇ. ಹೊಡೆಯುವಾಗ ಎಚ್ಚರಿಕೆ ವಹಿಸುವ ರೈತರೂ ಹೊಡೆದಾದ ಮೇಲೆ ಡಬ್ಬಿಯನ್ನು ಬದುವಿಗೆ ಎಸೆಯುವುದನ್ನು ಕಾಣುತ್ತೇವೆ. ಹಂಗಾಮಿನಲ್ಲಿ ಬೀಡ ಕಡೆಯಿಂದ ಕಬ್ಬು ಕಡಿಯುವ ಟೋಳಿಯವರು ಬಂದು ಹೊಲದಲ್ಲೇ ಗುಡಿಸಲು ಹಾಕುತ್ತಾರೆ. ಗಟ್ಟಿಯಾದ, ಮುಚ್ಚಳವಿರುವ ಡಬ್ಬಿ ಕಂಡರೆ ನೀರಿಗಾದೀತು ಎಂದು ಎತ್ತಿಕೊಳ್ಳುತ್ತಾರೆ. ಅದರಲ್ಲಿ ಏನಿತ್ತೆಂಬುದು ಅವರಿಗೆ ತಿಳಿಯದು.

ಡಬ್ಬಿ ಸುಟ್ಟರೆ ವಿಷದ ಹೊಗೆ ಏಳುತ್ತದೆ. ಹಳ್ಳಕ್ಕೆ ಎಸೆದರೆ ನೀರು ಕೆಡುತ್ತದೆ. ಗುಜರಿಗೆ ಮಾರಿದರೆ ಯಾರದೋ ಮನೆಯಲ್ಲಿ ಎಣ್ಣೆ ತುಂಬುವ ಪಾತ್ರೆಯಾಗುತ್ತದೆ. 1971ರ ಕೀಟನಾಶಕ ನಿಯಮಗಳ 44ನೆಯ ನಿಯಮವು, ಖಾಲಿ ಡಬ್ಬಿಗಳು ಮರುಬಳಕೆಯಾಗದಂತೆ ಅವನ್ನು ಹೊರಗೆ ಬಿಡಬಾರದು, ಒಡೆದು ವಸತಿಯಿಂದ ದೂರ ಹೂಳಬೇಕು ಎನ್ನುತ್ತದೆ. ಆದರೆ ಪ್ಲಾಸ್ಟಿಕ್ ಮಣ್ಣಿನಲ್ಲಿ ಕೊಳೆಯುವುದಿಲ್ಲ. ಆಳವಾಗಿ ನೇಗಿಲು ಹೊಡೆದಾಗ ಮೇಲೆ ಬರುತ್ತದೆ. ಆದುದರಿಂದ ಡಬ್ಬಿಗಳನ್ನು ಗಟ ಕಚೇರಿಯ ಸಂಗ್ರಹ ಸ್ಥಳಕ್ಕೆ ತಂದೊಪ್ಪಿಸುವುದೇ ಮೇಲು. ಹೊಲದಿಂದ ಅಲ್ಲಿಯವರೆಗಿನ ದಾರಿಯಲ್ಲಿ ಪಾಲಿಸಬೇಕಾದ ಕ್ರಮವೇ ಈ ಪಾಠದ ವಿಷಯ.

ಸಾಗಾಟದಲ್ಲಿ ಎಚ್ಚರ ಏಕೆ?

1958ರಲ್ಲಿ ಕೇರಳದಲ್ಲಿ ಗೋಧಿಹಿಟ್ಟು ತಿಂದು 100ಕ್ಕೂ ಹೆಚ್ಚು ಜನ ಸತ್ತರು. ಆಹಾರದ ಮಾಲಿನ ಜೊತೆಗೆ ಪ್ಯಾರಾಥಿಯಾನ್ ಎಂಬ ಕೀಟನಾಶಕವನ್ನೂ ಸಾಗಿಸಲಾಗಿತ್ತು. ಅದು ಸೋರಿ ಹಿಟ್ಟಿಗೆ ತಗಲಿತ್ತು. ಹಿಟ್ಟಿಗೆ ಯಾರೂ ಬೇಕೆಂದು ವಿಷ ಬೆರೆಸಿರಲಿಲ್ಲ. ಎರಡನ್ನೂ ಒಟ್ಟಿಗೆ ಸಾಗಿಸಿದ್ದೇ ಅನಾಹುತಕ್ಕೆ ಕಾರಣವಾಯಿತು. ಈ ದುರಂತದ ತರುವಾಯವೇ 1968ರ ಕೀಟನಾಶಕ ಕಾಯ್ದೆ ಬಂದಿತು. ಕೀಟನಾಶಕವು ಆಹಾರಕ್ಕಾಗಲಿ ದನಗಳ ಮೇವಿಗಾಗಲಿ ತಗಲುವಂತೆ ಸಾಗಿಸಬಾರದು, ಇಡಲೂಬಾರದು ಎಂದು 1971ರ ನಿಯಮಗಳ 35ನೆಯ ನಿಯಮ ಸ್ಪಷ್ಟವಾಗಿ ಹೇಳುತ್ತದೆ.

ನಮ್ಮಲ್ಲಿ ಒಂದೇ ಟ್ರ್ಯಾಲಿ ಎಲ್ಲ ಕೆಲಸಕ್ಕೂ ಬೇಕು. ಹೋಗುವಾಗ ಡಬ್ಬಿ, ಬರುವಾಗ ಹಿಂಡಿ, ಜೋಳದ ಚೀಲ ಅಥವಾ ಸಭಾಸದರ ಸಕ್ಕರೆ. ಮೇಲೆ ಕುಳಿತ ಮಕ್ಕಳು ಬೇರೆ. 1958ರ ಪಾಠವನ್ನು ಮರೆಯಬಾರದೆನ್ನುವುದು ಇದಕ್ಕಾಗಿಯೇ.

ಮೊದಲು ವಿಂಗಡಿಸಿರಿ

ತರುವ ಮಾಲನ್ನು ಮೂರು ಗುಂಪು ಮಾಡಬೇಕು.

1. ತೊಳೆದ ಖಾಲಿ ಡಬ್ಬಿಗಳು: ದ್ರವ ಔಷಧದ ಡಬ್ಬಿಯನ್ನು ಪಂಪಿಗೆ ಸುರಿದ ಕೂಡಲೇ ಹೊಲದಲ್ಲಿಯೇ ತೊಳೆಯಬೇಕು. ಕಾಲು ಭಾಗ ನೀರು ಹಾಕಿ, ಮುಚ್ಚಳ ಬಿಗಿದು, ಅರ್ಧ ನಿಮಿಷ ಚೆನ್ನಾಗಿ ಕುಲುಕಿ, ಆ ನೀರನ್ನು ಪಂಪಿಗೇ ಸುರಿಯಬೇಕು. ಹೀಗೆ ಮೂರು ಸಲ. ಆ ನೀರೂ ನೀವು ಹಣ ಕೊಟ್ಟು ತಂದ ಔಷಧವೇ, ಬೆಳೆಗೇ ಸೇರಲಿ. ನಂತರ ಡಬ್ಬಿಯ ತಳಕ್ಕೆ ಮೊಳೆಯಿಂದ ತೂತು ಮಾಡಿರಿ. ಮತ್ತೆ ಯಾರೂ ಅದರಲ್ಲಿ ನೀರು ತುಂಬಲಾರರು.

2. ತೊಳೆಯದ ಡಬ್ಬಿ, ಪುಡಿ ಹಾಗೂ ಹರಳಿನ ಪಾಕೀಟು: ತಿಂಗಳುಗಟ್ಟಲೆ ಬಿದ್ದು ಔಷಧ ಒಳಗೆ ಒಣಗಿದ ಡಬ್ಬಿಯನ್ನು ಈಗ ಬಾವಿ ಅಥವಾ ಕಾಲುವೆಯ ಹತ್ತಿರ ತೊಳೆಯಲು ಹೋಗಬೇಡಿರಿ. ಇವನ್ನು ಹಾಗೆಯೇ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಬಿಗಿದು ಕಟ್ಟಬೇಕು.

3. ಉಳಿದ, ಅವಧಿ ಮೀರಿದ ಅಥವಾ ನಿಷೇಧಿತ ಔಷಧ: ಬಿ.ಎಚ್.ಸಿ. ಪುಡಿಯನ್ನು 1997ರಲ್ಲಿ ನಿಷೇಧಿಸಲಾಯಿತು. ಬೀಜದ ತುಂಡುಗಳನ್ನು ಅದ್ದುತ್ತಿದ್ದ ಪಾದರಸದ ಪುಡಿಯನ್ನು 2018ರಲ್ಲಿ ನಿಷೇಧಿಸಲಾಯಿತು. ಗೊಣ್ಣೆ ಹುಳುವಿಗೆ ಹಾಕುತ್ತಿದ್ದ ಫೋರೇಟ್ ಹರಳಿನ ಬಳಕೆಯೂ 2020ರ ಡಿಸೆಂಬರ್ 31ರಿಂದ ನಿಂತಿದೆ. ಮನೆಯ ಅಟ್ಟದಲ್ಲಿ ಇವುಗಳ ಹಳೆಯ ಪೊಟ್ಟಣ ಇದ್ದರೆ ಒಂದಕ್ಕೊಂದು ಬೆರೆಸಬಾರದು, ಬೇರೆ ಬಾಟಲಿಗೆ ತುಂಬಬಾರದು, ಚೀಟಿ ಕೀಳಬಾರದು. ಗಟ ಕಚೇರಿಗೆ ಮುಂಚಿತವಾಗಿ ತಿಳಿಸಿ, ಅವರು ಹೇಳಿದ ದಿನ ಮಾತ್ರ ತರಬೇಕು.

ಚೀಟಿಯ ಮೇಲಿನ ಭಾಷೆ ಓದಲು ಬಾರದಿದ್ದರೆ ವಜ್ರಾಕಾರದ ಗುರುತು ನೋಡಿರಿ. ಅದರ ಕೆಳ ತ್ರಿಕೋನ ಕೆಂಪಾಗಿದ್ದರೆ ಅತ್ಯಂತ ತೀವ್ರ ವಿಷ, ಹಳದಿಯಾದರೆ ಹೆಚ್ಚಿನ ವಿಷ, ನೀಲಿಯಾದರೆ ಮಧ್ಯಮ, ಹಸಿರಾದರೆ ಕಡಿಮೆ. ಹಸಿರು ಎಂದರೆ ವಿಷವಿಲ್ಲವೆಂದಲ್ಲ.

ಕಟ್ಟುವ ಹಾಗೂ ಹೇರುವ ಕ್ರಮ

(ಅ) ರಬ್ಬರಿನ ಕೈಚೀಲ, ಮೈತುಂಬ ಬಟ್ಟೆ, ಕಾಲಿಗೆ ಮುಚ್ಚಿದ ಚಪ್ಪಲಿ ಅಥವಾ ಬೂಟು ಇರಲಿ. ಕೆಲಸದ ನಡುವೆ ಬೀಡಿ, ತಂಬಾಕು, ಎಲೆ-ಅಡಿಕೆ ಬೇಡ.

(ಆ) ಸೋರುವ ಡಬ್ಬಿಯನ್ನು ಹಾಗೆಯೇ ವಾಹನಕ್ಕೆ ಏರಿಸಬಾರದು. ಅದನ್ನು ಸೋರದ ದೊಡ್ಡ ಡಬ್ಬಿಯೊಳಗೆ ನೆಟ್ಟಗೆ ಇಟ್ಟು, ಸುತ್ತ ಒಣ ಮಣ್ಣು ತುಂಬಿ, ಮುಚ್ಚಬೇಕು. ಕಾಸರಗೋಡು ಜಿಲ್ಲೆಯ ಗೋಡಂಬಿ ತೋಟಗಳ ಗೋದಾಮುಗಳಲ್ಲಿ ಉಳಿದಿದ್ದ ಎಂಡೋಸಲ್ಫಾನ್ ವಿಷಯದಲ್ಲಿಯೂ 2012ರಲ್ಲಿ ಮೊದಲು ಮಾಡಿದ ಕೆಲಸ ಇಂಥದೇ: ಹಳೆಯ ಪೀಪಾಯಿಗಳಿಂದ ಅದನ್ನು ಗಟ್ಟಿಯಾದ ಹೊಸ ಪೀಪಾಯಿಗಳಿಗೆ ತಜ್ಞರ ಸಮಕ್ಷಮದಲ್ಲಿ ಬದಲಾಯಿಸಿದರು. ಹಾಗೆ ಸುರಿದು ಬದಲಾಯಿಸುವುದು ತಜ್ಞರ ಕೆಲಸ. ರೈತರು ಡಬ್ಬಿಯೊಳಗೆ ಡಬ್ಬಿ ಇಟ್ಟರೆ ಸಾಕು.

(ಇ) ಪ್ರತಿ ಚೀಲದ ಮೇಲೆ ದೊಡ್ಡ ಅಕ್ಷರದಲ್ಲಿ ‘ವಿಷ’ ಎಂದು ಬರೆಯಿರಿ. ಆ ಚೀಲವನ್ನು ಮತ್ತೆ ಕಾಳು ಕಡಿಗೆ ಬಳಸಕೂಡದು.

(ಈ) ಟ್ರ್ಯಾಲಿಯಲ್ಲಿ ಅಥವಾ ಚಕ್ಕಡಿಯಲ್ಲಿ ತಳಕ್ಕೆ ತಾಡಪತ್ರಿ ಹಾಸಿ, ಡಬ್ಬಿಗಳ ಮುಚ್ಚಳ ಮೇಲಾಗಿರುವಂತೆ ಇಟ್ಟು, ಅಲುಗಾಡದಂತೆ ಹಗ್ಗದಿಂದ ಬಿಗಿಯಬೇಕು.

(ಉ) ಅದೇ ಖೇಪಿನಲ್ಲಿ ಆಹಾರ, ಹಿಂಡಿ, ಕಣಿಕೆ, ಸೋಗೆ, ಬೀಜ, ಕುಡಿಯುವ ನೀರು, ಬುತ್ತಿ ಯಾವುದೂ ಇರಬಾರದು. ಟ್ರ್ಯಾಲಿಯಲ್ಲಿ ಜನ ಕೂಡಬಾರದು. ಮಕ್ಕಳಂತೂ ಬೇಡವೇ ಬೇಡ.

(ಊ) ಎಸ್.ಟಿ. ಬಸ್ಸಿನಲ್ಲಿ ತರಬೇಡಿರಿ. ಮೋಟಾರ್ ಸೈಕಲ್ ಹ್ಯಾಂಡಲಿಗೆ ಚೀಲ ನೇತುಹಾಕಬೇಡಿರಿ. ದಾರಿಯಲ್ಲಿ ಸಂತೆ, ಹೋಟೆಲ್ ಎಂದು ವಾಹನ ಬಿಟ್ಟು ಹೋಗದೆ ನೇರವಾಗಿ ಬರಬೇಕು.

(ಋ) ಟ್ರ್ಯಾಕ್ಟರಿನ ಕರಿ ಆಯಿಲ್ ಹಾಗೂ ಹಳೆಯ ಬ್ಯಾಟರಿಯನ್ನು ಔಷಧದ ಡಬ್ಬಿಗಳೊಂದಿಗೆ ಸೇರಿಸಬಾರದು. ಬ್ಯಾಟರಿಯನ್ನು ಹೊಸದು ಕೊಳ್ಳುವಾಗ ಅಂಗಡಿಗೇ ಹಿಂದಿರುಗಿಸುವುದು ಯೋಗ್ಯ.

ದಾರಿಯಲ್ಲಿ ಚೆಲ್ಲಿದರೆ

ನೀರು ಹಾಕಿ ತೊಳೆಯಬೇಡಿರಿ, ವಿಷ ಹರಡುತ್ತದೆ. ಜನ-ದನಗಳನ್ನು ದೂರ ಸರಿಸಿ, ಒಣ ಮಣ್ಣು ಅಥವಾ ಉಸುಕು ಸುರಿದು, ಅದು ಹೀರಿಕೊಂಡ ಮೇಲೆ ಸಲಿಕೆಯಿಂದ ಎತ್ತಿ ಚೀಲಕ್ಕೆ ತುಂಬಿ ಸಂಗ್ರಹ ಸ್ಥಳಕ್ಕೇ ತರಬೇಕು. ಇದಕ್ಕಾಗಿ ಹೊರಡುವಾಗಲೇ ಒಂದು ಪುಟ್ಟಿ ಮಣ್ಣು, ಒಂದು ಸಲಿಕೆ, ಒಂದು ಖಾಲಿ ಚೀಲ ಜೊತೆಗಿರಲಿ.

ಮೈಗೆ ಬಿದ್ದರೆ ಬಟ್ಟೆ ತೆಗೆದು ಸಾಬೂನಿನಿಂದ ತೊಳೆಯಬೇಕು. ಕಣ್ಣಿಗೆ ಬಿದ್ದರೆ ಶುದ್ಧ ನೀರಿನಿಂದ ಕಾಲು ಗಂಟೆ ತೊಳೆಯಬೇಕು. ತಲೆಸುತ್ತು, ವಾಂತಿ, ಅತಿಯಾದ ಬೆವರು, ಕಣ್ಣು ಮಂಜಾಗುವುದು ಕಂಡರೆ ತಡಮಾಡದೆ 108ಕ್ಕೆ ಫೋನ್ ಮಾಡಿ ದವಾಖಾನೆಗೆ ಒಯ್ಯಬೇಕು. ಡಬ್ಬಿಯ ಚೀಟಿಯನ್ನು ಡಾಕ್ಟರರಿಗೆ ತೋರಿಸಬೇಕು. ಯಾವ ವಿಷಕ್ಕೆ ಯಾವ ಉಪಚಾರ ಎಂಬುದು ಅದರ ಮೇಲೆ ಇರುತ್ತದೆ. ಚೀಟಿ ಕೀಳಬೇಡಿರಿ ಎನ್ನುವುದಕ್ಕೆ ಇದೇ ಕಾರಣ.

ಒಪ್ಪಿಸಿದ ಮೇಲೆ

ಡಬ್ಬಿಗಳನ್ನು ಗೇಟಿನಲ್ಲಿ ಇಟ್ಟು ಹೋಗದೆ, ಎಣಿಸಿ, ಪುಸ್ತಕದಲ್ಲಿ ಬರೆಸಿರಿ. ಅಲ್ಲಿಂದ ಮುಂದೆ ವಿಷಯುಕ್ತ ಮಾಲಿನ ಸಾಗಾಟಕ್ಕೆ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ಅನ್ವಯಿಸುತ್ತವೆ. ಕಳಿಸುವವರು, ಒಯ್ಯುವವರು, ಪಡೆಯುವವರು ಮೂವರೂ ಲೆಕ್ಕದ ಪತ್ರಕ್ಕೆ ಸಹಿ ಮಾಡಬೇಕು. ಒಳಗೆ ಏನಿದೆ ಎಂದು ತಿಳಿಯದ ಒಂದು ಬಾಟಲಿ ಬಂದರೂ ಈ ಕೆಲಸಕ್ಕೆ ತೊಡಕಾಗುತ್ತದೆ.

ಊರಿಗೆ ಮರಳಿ ತಾಡಪತ್ರಿ ಹಾಗೂ ಟ್ರ್ಯಾಲಿಯನ್ನು ಬಾವಿ, ಹಳ್ಳಗಳಿಂದ ದೂರ, ಬೆಳೆಯಿಲ್ಲದ ಜಾಗದಲ್ಲಿ ತೊಳೆಯಬೇಕು. ತೊಟ್ಟ ಬಟ್ಟೆಯನ್ನು ಮನೆಯವರ ಬಟ್ಟೆಯೊಂದಿಗೆ ಒಗೆಯಬಾರದು. ಟ್ರ್ಯಾಲಿ ಪೂರ್ತಿ ಒಣಗಿದ ಮೇಲೆಯೇ ಬೇರೆ ಮಾಲು ಹೇರಬೇಕು.

ಹಂಗಾಮು ಪ್ರಾರಂಭವಾಗಿ ಟೋಳಿಗಳು ಹೊಲಕ್ಕೆ ಇಳಿಯುವ ಮೊದಲು ಪ್ರತಿಯೊಬ್ಬ ಸದಸ್ಯರೂ ತಮ್ಮ ಬದು, ಪಂಪಿನ ಮನೆ, ಅಟ್ಟಗಳನ್ನು ಒಮ್ಮೆ ನೋಡಿ, ಇದ್ದ ಡಬ್ಬಿಗಳನ್ನು ಮೇಲಿನ ಕ್ರಮದಂತೆ ತಂದೊಪ್ಪಿಸಬೇಕೆಂದು ವಿನಂತಿ. ಓದು ಬಾರದ ನೆರೆಹೊಲದವರಿಗೂ, ಔಷಧ ಹೊಡೆಯುವ ಆಳುಮಕ್ಕಳಿಗೂ ಈ ಪಾಠವನ್ನು ಓದಿ ಹೇಳಿರಿ.

— ಕಬ್ಬು ಅಭಿವೃದ್ಧಿ ಅಧಿಕಾರಿ