ಕುದುರೆ ಕಾಲು ಕೊಡಬೇಕಾದರೆ

ಚೆನ್ನೈನ ಅಡ್ಯಾರಿಗೆ ಅಂಟಿಕೊಂಡಂತಿರುವ ಬೆಸೆಂಟ್ ನಗರದ ಎಲಿಯಟ್ಸ್ ಬೀಚಿನಲ್ಲಿ ಸಂಜೆಯಾದರೆ ಮಕ್ಕಳನ್ನು ಹೊತ್ತು ಮರಳಲ್ಲಿ ತಿರುಗುವ ಸವಾರಿ ಕುದುರೆಗಳು ಕಾಣಿಸುತ್ತವೆ. ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಗಿಂಡಿಯಲ್ಲಿ ಕುದುರೆ ಪಂದ್ಯ ಶುರುವಾದದ್ದು 18ನೇ ಶತಮಾನದಲ್ಲಿ. ಪಂದ್ಯದ ಕುದುರೆಗೆ ಆರೈಕೆ ಮಾಡುವ ಸೈಸ್, ಲಾಳ ಹೊಡೆಯುವವನು, ಪಶುವೈದ್ಯ ಎಲ್ಲರೂ ಉಂಟು. ಬೀಚಿನ ಕುದುರೆಗೆ ಮಾಲೀಕನೇ ಎಲ್ಲ. ನಮ್ಮ ಮೈಸೂರಿನ ಟಾಂಗಾ ಕುದುರೆಯದೂ ಮದುವೆ ಮೆರವಣಿಗೆಗೆ ಬಾಡಿಗೆ ಹೋಗುವ ಕುದುರೆಯದೂ ಅದೇ ಪಾಡು. ಇಂಥ ಕುದುರೆ ಒಮ್ಮೆ ಒದ್ದರೆ ಲಾಳ ಹೊಡೆಯುವವನು ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ಗೊರಸು ಬೆಳೆಯುವುದು ಮಾತ್ರ ನಿಲ್ಲುವುದಿಲ್ಲ.

ಗೊರಸಿನ ಹೊರಗೋಡೆ ತಿಂಗಳಿಗೆ ಹೆಚ್ಚುಕಡಿಮೆ 6ರಿಂದ 10 ಮಿಲಿಮೀಟರ್ ಬೆಳೆಯುತ್ತದೆ. ಲಾಳ ಇರಲಿ, ಇಲ್ಲದಿರಲಿ, 6ರಿಂದ 8 ವಾರಕ್ಕೊಮ್ಮೆ ಕತ್ತರಿಸಿ, ಅರ ಹಾಕಿ ಸಮ ಮಾಡಿಸಬೇಕು. ನಿಂತ ಕುದುರೆಯ ಮೈಭಾರದಲ್ಲಿ ಸುಮಾರು ಶೇ. 60 ಮುಂಗಾಲುಗಳ ಮೇಲೇ ಇರುವುದರಿಂದ, ಅಲ್ಲಿ ಗೊರಸಿನ ತುದಿ ಉದ್ದವಾದರೆ ಎಡವುವುದೂ ಸ್ನಾಯುರಜ್ಜುಗಳು ಜಗ್ಗುವುದೂ ಬೇಗ ಶುರುವಾಗುತ್ತದೆ.

ಎತ್ತು ಸಾಕಿದವರಿಗೆ ಲಾಳ ಕಟ್ಟುವ ಕೆಲಸ ಹೊಸದಲ್ಲ. ಎತ್ತಿಗೆ ಹಗ್ಗ ಹಾಕಿ ಕೆಡವಿ, ಕಾಲು ಬಿಗಿದು, ಸೀಳುಗೊರಸಿಗೆ ಕಾಲಿಗೆರಡರಂತೆ ಎಂಟು ಲಾಳ ಹೊಡೆದು ಎಬ್ಬಿಸಿಬಿಡುತ್ತಾರೆ. ಕುದುರೆಗೆ ಲಾಳ ಹೊಡೆಯುವುದು ನಿಂತಲ್ಲೇ. ಅಪಾಯ ಕಂಡರೆ ಓಡುವುದೇ ಅದರ ಮೊದಲ ರಕ್ಷಣೆ. ಒಂದು ಕಾಲನ್ನು ಮನುಷ್ಯನ ಕೈಗೆ ಒಪ್ಪಿಸಿತೆಂದರೆ ಆ ದಾರಿಯನ್ನೇ ಬಿಟ್ಟುಕೊಟ್ಟಂತೆ. ಹೊಡೆದು ನಿಲ್ಲಿಸಿದ ಕುದುರೆಗೆ ಕಾಲು ಎತ್ತುವುದೆಂದರೆ ಪೆಟ್ಟು ಎಂದೇ ಮನದಟ್ಟಾಗುತ್ತದೆ, ಮುಂದಿನ ಸಲ ಕೈ ಸೋಕುವ ಮೊದಲೇ ಒದೆಯುತ್ತದೆ.

ಹಾಗಾಗಿ ಲಾಳ ಹೊಡೆಯುವವನು ಬರುವ ದಿನವನ್ನು ಪಾಠದ ದಿನ ಮಾಡಿಕೊಳ್ಳಬಾರದು. ಅವನು ಬರುವುದಕ್ಕೆ ವಾರಗಟ್ಟಲೆ ಮೊದಲೇ ದಿನಕ್ಕೆ ಐದು ನಿಮಿಷದಂತೆ ಅಭ್ಯಾಸ ನಡೆದಿರಬೇಕು. ಮೇವು ತಿಂದು, ಸ್ವಲ್ಪ ನಡೆದಾಡಿ ಬಂದ ಕುದುರೆಯನ್ನು ಸಮನಾದ, ಜಾರದ ನೆಲದ ಮೇಲೆ ನಿಲ್ಲಿಸಬೇಕು. ಪರಿಚಯದವರೊಬ್ಬರು ಹಗ್ಗ ಹಿಡಿದು, ಕೆಲಸ ಮಾಡುವವನು ಇರುವ ಬದಿಯಲ್ಲೇ ನಿಲ್ಲಲಿ. ಆಗ ಕುದುರೆ ಗಾಬರಿಯಾದರೆ ತಲೆಯನ್ನು ತಮ್ಮತ್ತ ಎಳೆದುಕೊಂಡು ಅದರ ಹಿಂಭಾಗ ಆಚೆ ಸರಿಯುವಂತೆ ಮಾಡಬಹುದು. ಗೂಟಕ್ಕೆ ಗಿಡ್ಡವಾಗಿ ಬಿಗಿಯುವುದು ಬೇಡ.

ಕೈ ಭುಜದಿಂದ ಆರಂಭವಾಗಲಿ. ಸವರುತ್ತ ಮೊಣಕಾಲು ದಾಟಿ ಕೆಳಗಿಳಿಸಿ, ಗೊರಸಿನ ಮೇಲಿನ ಗಿಣ್ಣಿನ ಹಿಂಬದಿಯನ್ನು ಮೆಲ್ಲಗೆ ಅದುಮಿ, ದಿನವೂ ಒಂದೇ ಮಾತು ಹೇಳಬೇಕು: ‘ಕಾಲು ಕೊಡು’. ಭಾರ ಆಚೆ ಕಾಲಿಗೆ ವಾಲಿದರೂ ಸಾಕು, ಅದುಮುವುದನ್ನು ಆ ಕ್ಷಣವೇ ನಿಲ್ಲಿಸಿ. ಮರುದಿನ ಗೊರಸು ನೆಲದಿಂದ ಒಂದಂಗುಲ ಎದ್ದರೆ ಎರಡು ಸೆಕೆಂಡ್ ಹಿಡಿದು, ಅದು ಸುಮ್ಮನಿರುವಾಗಲೇ ಕೆಳಗಿಡಿ. ಇಡೀ ಅಭ್ಯಾಸದ ಗುಟ್ಟು ಇಲ್ಲಿದೆ. ಕುದುರೆ ಕಿತ್ತುಕೊಂಡಾಗ ಬಿಟ್ಟರೆ ಕಿತ್ತುಕೊಳ್ಳುವುದನ್ನೇ ಕಲಿಯುತ್ತದೆ, ನೆಮ್ಮದಿಯಾಗಿದ್ದಾಗ ಬಿಟ್ಟರೆ ನೆಮ್ಮದಿಯನ್ನು. ಎರಡು ಸೆಕೆಂಡ್ ಐದಾಗಿ, ಐದು ಅರ್ಧ ನಿಮಿಷವಾಗಿ ಬೆಳೆಯಲಿ. ಕ್ಯಾರೆಟ್ ಚೂರು ಕೊಡುವುದಿದ್ದರೆ ಕಾಲು ಇನ್ನೂ ಕೈಯಲ್ಲಿರುವಾಗಲೇ ಕೊಡಬೇಕು.

ಹಿಂಗಾಲಿನದೇ ದೊಡ್ಡ ತಕರಾರು. ಹೆದರಿ ದೂರ ನಿಂತು ಕೈ ಚಾಚುವವನಿಗೇ ಒದೆತ ಪೂರ್ತಿ ಬಲದಲ್ಲಿ ಬೀಳುತ್ತದೆ. ತೊಡೆಗೆ ಒತ್ತಿಕೊಂಡೇ ನಿಲ್ಲಬೇಕು, ಒಂದು ಕೈ ಸೊಂಟದ ಮೇಲೆ ಇರಬೇಕು. ಕಾಲನ್ನು ಬದಿಗೆ ಎಳೆಯದೆ, ಹೆಚ್ಚು ಎತ್ತರಕ್ಕೆ ಎತ್ತದೆ, ನೇರ ಹಿಂದಕ್ಕೆ ತಂದರೆ ಮುದಿ ಕುದುರೆಯೂ ಸಹಿಸುತ್ತದೆ. ಮುಟ್ಟಲೂ ಬಿಡದ ಕುದುರೆಗೆ ಮೊದಲು ಮೃದುವಾದ ಹತ್ತಿ ಹಗ್ಗದಿಂದ ದೂರದಿಂದಲೇ ಕಾಲು ಸವರಿ ಅಭ್ಯಾಸ ಮಾಡಿಸಬಹುದು. ಕಾಲು ಕೊಡುವುದು ರೂಢಿಯಾದ ಮೇಲೆ ಗೊರಸಿನ ಮೇಲೆ ಅಂಗೈಯಿಂದ ತಟ್ಟಿ, ನಂತರ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ಬಡಿದು ಆ ಸದ್ದಿಗೂ ಒಗ್ಗಿಸಬೇಕು. ಮರಿಗಳಿಗಾದರೆ ಹುಟ್ಟಿದ ಮೊದಲ ವಾರಗಳಿಂದಲೇ ಕಾಲು ಮುಟ್ಟಿಸಿಕೊಳ್ಳುವ ರೂಢಿ ಹಾಕುವುದು ಲೇಸು. ಬೆಳೆದ ಕುದುರೆಯನ್ನು ತಿದ್ದುವ ಶ್ರಮದ ಕಾಲುಭಾಗವೂ ಆಗ ಬೇಕಾಗದು.

ಚೆನ್ನಾಗಿ ನಿಲ್ಲುತ್ತಿದ್ದ ಕುದುರೆ ಇದ್ದಕ್ಕಿದ್ದಂತೆ ಹಟ ಹಿಡಿದರೆ ಮೊದಲು ನೋವಿದೆಯೇ ಎಂದು ಹುಡುಕಬೇಕು. ಎಡಗಾಲು ಕೊಡದ ಕುದುರೆಗೆ ನೋವು ಬಲಗಾಲಿನಲ್ಲಿರಬಹುದು, ಆ ಕಾಲಿನ ಮೇಲೆ ಭಾರ ಹಾಕಲಾಗದೆ ಒದ್ದಾಡುತ್ತಿರುತ್ತದೆ. ಗೊರಸು ಬಿಸಿಯಾಗಿದ್ದು, ಗಿಣ್ಣಿನ ಹಿಂಬದಿಯಲ್ಲಿ ನಾಡಿ ಜೋರಾಗಿ ಬಡಿಯುತ್ತಿದ್ದರೆ ಅಭ್ಯಾಸ ನಿಲ್ಲಿಸಿ ಪಶುವೈದ್ಯರನ್ನು ಕರೆಸಬೇಕು. ನೊಣಗಳ ಕಾಟಕ್ಕೆ ಕಾಲು ಝಾಡಿಸುವುದನ್ನು ಹಟವೆಂದು ತಿಳಿದು ಗದರುವವರೂ ಇದ್ದಾರೆ, ಪಾಪ.

ಚೆನ್ನೈಗೆ ದೊಡ್ಡ ಮಳೆ ಸುರಿಯುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಆಗ ಲಾಯದ ಸಗಣಿ, ಗಂಜಳದ ತೇವದಲ್ಲೇ ನಿಂತ ಕುದುರೆಯ ಗೊರಸಿನ ತಳದಲ್ಲಿರುವ ಮೆತ್ತನೆಯ ತ್ರಿಕೋನ ಭಾಗ ಕೊಳೆಯತೊಡಗುತ್ತದೆ. ಕಪ್ಪು ಕೀವು, ಮೂಗು ಮುಚ್ಚಿಸುವ ವಾಸನೆ ಅದರ ಗುರುತು. ದಿನವೂ ಕೊಕ್ಕೆಯಿಂದ ಗೊರಸು ಕೆರೆದು ನೋಡುವವನಿಗೆ ಇದು ಆರಂಭದಲ್ಲೇ ಸಿಕ್ಕಿಬೀಳುತ್ತದೆ, ಜೊತೆಗೆ ಕಾಲು ಕೊಡುವ ಅಭ್ಯಾಸವೂ ತಪ್ಪದು. ಕ್ರಿಸ್ತಪೂರ್ವ 4ನೇ ಶತಮಾನದ ಗ್ರೀಕ್ ಸೇನಾನಿ ಕ್ಸೆನೊಫೋನ್, ಲಾಯದ ಹೊರಗೆ ಮುಷ್ಟಿ ಗಾತ್ರದ ದುಂಡುಗಲ್ಲು ಹರಡಿ ಅದರ ಮೇಲೆ ಕುದುರೆ ನಿಲ್ಲಿಸಿದರೆ ಗೊರಸು ಗಟ್ಟಿಯಾಗುತ್ತದೆ ಎಂದು ಬರೆದಿದ್ದ. ನಮ್ಮವರಿಗೆ ಅಷ್ಟು ಬೇಡ. ನೀರು ಇಳಿದುಹೋಗುವ ಒಣ ನೆಲ ಸಾಕು.

ಬೀಚಿನಲ್ಲಿ ಗಾಜಿನ ಚೂರು, ರಸ್ತೆಯಲ್ಲಿ ಮೊಳೆ ತಪ್ಪಿದ್ದಲ್ಲ. ಧನುರ್ವಾಯು ಬಹಳ ಬೇಗ ತಗಲುವ ಪ್ರಾಣಿಗಳಲ್ಲಿ ಕುದುರೆ ಮುಂಚೂಣಿಯಲ್ಲಿದೆ. ಗೊರಸಿಗೆ ಮೊಳೆ ಚುಚ್ಚಿದ್ದು ಕಂಡರೆ, ಸಾಧ್ಯವಾದಷ್ಟು ಮಟ್ಟಿಗೆ ಕೀಳದೆ ಹಾಗೇ ಬಿಟ್ಟು ಪಶುವೈದ್ಯರಿಗೆ ತೋರಿಸುವುದು ಒಳ್ಳೆಯದು, ಎಷ್ಟು ಆಳಕ್ಕೆ ಯಾವ ದಿಕ್ಕಿನಲ್ಲಿ ಇಳಿದಿದೆ ಎಂಬುದು ಅವರಿಗೆ ತಿಳಿಯಬೇಕು. ಅಲ್ಲಿಯವರೆಗೆ ಕುದುರೆಯನ್ನು ನಡೆಸಬಾರದು. ಮೊಳೆ ಇನ್ನಷ್ಟು ಒಳಹೋಗುವಂತಿದ್ದರೆ ಜಾಗ ಗುರುತು ಹಾಕಿಕೊಂಡು ತೆಗೆಯಬಹುದು. ಧನುರ್ವಾಯು ಲಸಿಕೆ ಯಾವಾಗ ಹಾಕಿಸಿದ್ದೆಂದು ಬರೆದಿಟ್ಟುಕೊಂಡಿದ್ದರೆ ವೈದ್ಯರ ಮೊದಲ ಪ್ರಶ್ನೆಗೆ ಉತ್ತರ ಸಿದ್ಧವಿರುತ್ತದೆ.